ಸದ್ದು ಮಾಡದ ಟ್ಯಾಗು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಟ್ಟೆ ಅಂಗಡಿಯ ಮ್ಯಾನೇಜರು ಠಾಣೆಗೆ ಬಂದು ದೂರು ಕೊಟ್ಟರು. ಬಟ್ಟೆ ಒಂದೂ ಹೋಗಿಲ್ಲ. ಆದರೆ ಕೋಟು ಹಿಡಿದು ಬಾಗಿಲು ದಾಟಿದರೂ ಕಳ್ಳರನ್ನು ಹಿಡಿಯುವ ಅಲಾರಾಂ ಬಾಯಿ ಬಿಡುತ್ತಿಲ್ಲ. ಅದನ್ನು ಕೂಗಿಸಲೆಂದು ಬಟ್ಟೆಗೆ ಅಂಟಿಸಿದ ಟ್ಯಾಗುಗಳನ್ನು ಯಾರೋ ಕೆಡಿಸಿದ್ದಾರೆ. ಅನುಮಾನದ ಮೇಲೆ ಬಾಗಿಲ ಕಾವಲುಗಾರನನ್ನು ಕೆಲಸದಿಂದ ನಿಲ್ಲಿಸಿಯಾಗಿತ್ತು. ಎಫ್‌ಐಆರ್ ದಾಖಲಾಯಿತು.

ಅಂಗಡಿಯಲ್ಲಿ ಇನ್ಸ್‌ಪೆಕ್ಟರ್ ಪಂಚರೆದುರು ಹೊಸ ಟ್ಯಾಗೊಂದನ್ನು ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಲೋಹದ ಪಟ್ಟಿ ಗಿಲಗಿಲ ಎಂದಿತು. ಕೋಟಿನ ಟ್ಯಾಗು ಮೂಕ. ಅದರ ಅಂಚು ಎಬ್ಬಿಸಿದರೆ ಪಟ್ಟಿಯ ಜಾಗ ಖಾಲಿ; ಮತ್ತೆ ಮುಚ್ಚಿದ್ದು ಮೇಣದಿಂದ. ಮೂಸಿ ನೋಡಿದರು. ಜೇನುಮೇಣ. ಅವರಮ್ಮ ಹೊಲಿಯುವ ಮುನ್ನ ದಾರಕ್ಕೆ ಉಜ್ಜುತ್ತಿದ್ದರಲ್ಲ, ಅದೇ ವಾಸನೆ.

"ತಿನ್ನೋದಾ ಸಾರ್ ಅದು?" ಎಂದ ಕಾನ್‌ಸ್ಟೆಬಲ್.

"ಸುಮ್ನಿರಪ್ಪ. ಇಲ್ಲಿ ಬಟ್ಟೆ ಸರಿಮಾಡಿ ಕೊಡೋರು ಯಾರು?"

ಹಿಂದಿನ ಕೋಣೆಯಲ್ಲಿ ಮುದಿ ಟೈಲರ್ ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು.

"ಪಟ್ಟಿಗಳೆಲ್ಲಿ, ಮಾಸ್ಟರ್?"

"ಮನೇಲಿವೆ." ಸೂಜಿ ನಿಂತಿತು. "ಕಾವಲಿನವನದೇನೂ ತಪ್ಪಿಲ್ಲ ಸಾರ್. ಅವನನ್ನ ಕಳ್ಸಿದಾಗಿಂದ ನನ್ಗೆ ಅನ್ನ ಇಳೀತಿಲ್ಲ."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ನಾಳೆ ನಮ್ಮ ಹಳೇ ಮನೆ ಜಾಗಕ್ಕೆ ಕಾಂಕ್ರೀಟು ಸುರೀತಾರೆ. ಇವತ್ತೊಂದು ದಿನ ಬೇಕಿತ್ತು."

ಟೈಲರ್ ಮನೆಯಲ್ಲಿ ಒಂದು ಕೋಲು ಸಿಕ್ಕಿತು. ಅದರ ತುದಿಗೆ ಪಟ್ಟಿಗಳ ಕಟ್ಟು, ಕಟ್ಟಿನ ಸುತ್ತ ನವಿರಾದ ತಾಮ್ರದ ತಂತಿ, ಹಿಡಿಯ ಬಳಿ ಬ್ಯಾಟರಿಯ ಪುಟ್ಟ ರೇಡಿಯೋ. ಮಣ್ಣಿನಡಿ ಕಬ್ಬಿಣವಿದ್ದರೆ ಕೂಗಿ ಹೇಳುವ ಸಾಧನ.

"ಸಿಕ್ತೇನ್ರೀ?" ಎಂದು ಒಳಗಿನಿಂದ ಹೆಂಡತಿ ಕೇಳಿದರು. ಕಣ್ಣು ಕಾಣದವರು.

ಹೊಳೆ ಏರಿದ ವರ್ಷ ಹಳೆಯ ಮನೆಯ ಜೊತೆ ಅವರ ಹೊಲಿಗೆ ಯಂತ್ರವೂ ಹೂಳಿನಡಿ ಸೇರಿತ್ತು. ಮದುವೆಯಾದ ಹೊಸತರಲ್ಲಿ ಆಕೆ ಚಕ್ರ ತಿರುಗಿಸಿ, ಈತ ಬಟ್ಟೆ ಸರಿಸಿ, ಇಬ್ಬರೂ ಒಂದೇ ಹೊಲಿಗೆ ಹಾಕುತ್ತಿದ್ದ ಯಂತ್ರ. ಆ ಚಕ್ರವನ್ನು ಇನ್ನೊಮ್ಮೆ ಮುಟ್ಟಬೇಕೆನ್ನುವುದೊಂದೇ ಆಕೆಯ ಆಸೆ.

ಇನ್ಸ್‌ಪೆಕ್ಟರ್ ಕೋಲನ್ನು ಕೈಗೆತ್ತಿಕೊಂಡರು. "ಪಂಚನಾಮೆಗೆ ಇದನ್ನ ಪರೀಕ್ಷೆ ಮಾಡ್ಬೇಕಲ್ಲ. ಆ ಜಾಗದಲ್ಲೇ ಮಾಡೋಣ."

ಕಾನ್‌ಸ್ಟೆಬಲ್ ಪಕ್ಕದ ಮನೆಯಿಂದ ಗುದ್ದಲಿ ತಂದ.

ಸಂಜೆ ನಾಲ್ಕಕ್ಕೆ ಸಾಧನ ಹುಲ್ಲಿನ ನಡುವೆ ಒಂದೆಡೆ ಕುಂಯ್ ಎಂದಿತು. ಅಗೆದರೆ ಯಂತ್ರ; ಭೂಮಿತಾಯಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಜೊತೆಗೆ ಬಂದಿದ್ದ ಹೆಂಡತಿ ತುಕ್ಕು ತಿಂದ ಚಕ್ರದ ಮೇಲೆ ಕೈಯಾಡಿಸಿದರು.

"ತಿರುಗಲ್ಲ ಕಣ್ರೀ," ಎಂದು ನಕ್ಕರು. "ಆದ್ರೂ ನೀವು ಬಟ್ಟೆ ಸರಿಸಿ."

ಟೈಲರ್ ಹೆಗಲ ಮೇಲಿನ ವಸ್ತ್ರ ತೆಗೆದು ಸೂಜಿಯಿಲ್ಲದ ಆ ಯಂತ್ರದಡಿ ಮೆಲ್ಲಗೆ ಸರಿಸಿದರು. ಆ ಹೊಲಿಗೆ ಮುಗಿಯುವವರೆಗೆ ಎಲ್ಲರೂ ಕಾದರು.

ಐದೂವರೆಗೆ ಟೈಲರ್ ದಸ್ತಗಿರಿ. ಕಾವಲುಗಾರನನ್ನು ಮರಳಿ ಕರೆಸಿಕೊಳ್ಳಲು ಅಂಗಡಿಗೆ ಫೋನು ಹೋಯಿತು. ಪಂಚನಾಮೆಯ ಕೊನೆಗೆ ಇನ್ಸ್‌ಪೆಕ್ಟರ್ ತಮ್ಮ ಕೈಯಾರೆ ಬರೆದರು: ಹೊಲಿಗೆ ಯಂತ್ರ ಒಂದು. ವಾರಸುದಾರರು ಸ್ಥಳದಲ್ಲೇ ಇದ್ದುದರಿಂದ ವಶಪಡಿಸಿಕೊಂಡಿಲ್ಲ.