ರುಚಿ ನೋಡದೆ ಎದ್ದುಹೋದವನು

"ನಿನ್ನ ಹೋಟೆಲಿನ ಶೆಫ್ ಬಂದಿದ್ದಾರೆ ಕಣೇ!"

ಅತ್ತಿಗೆ ಅಡುಗೆಮನೆಗೆ ತಲೆ ಹಾಕಿ ಹೇಳಿದಾಗ ಅವಳು ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದಳು. ಒಲೆಯ ಮೇಲಿನ ಬಾಣಲೆಯಲ್ಲಿ ಸಕ್ಕರೆ ಆಗತಾನೇ ಕರಗಲು ಶುರುವಾಗಿತ್ತು.

"ಯಾರು ಕರೆದಿದ್ದು ಅವರನ್ನ?"

"ಇನ್ಯಾರು, ಮಾವ! ಬೆಳಿಗ್ಗೆ ಪದವಿ ಪ್ರದಾನ ಸಮಾರಂಭದಲ್ಲಿ ಸಿಕ್ಕಿದ್ರಂತೆ. ಮಗಳಿಗೆ ಕೆಲಸ ಕಲಿಸಿದೋರು, ಸಂಜೆ ಊಟಕ್ಕೆ ಬನ್ನಿ ಅಂದ್ರಂತೆ. ಇವರು ನೋಡಿದ್ರೆ ಮಧ್ಯಾಹ್ನಕ್ಕೇ ಹಾಜರ್!"

ಯಾರನ್ನಾದರೂ ಊಟಕ್ಕೆ ಕರೆಯದಿದ್ದರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ. ಆದರೆ ಕರೆಯಲು ಈ ಮನುಷ್ಯನೇ ಬೇಕಿತ್ತೇ?

ಅಡುಗೆ ಕಾಲೇಜಿನ ಸಿಹಿ ವಿಭಾಗದಲ್ಲಿ ಅವಳಿಗೇ ಮೊದಲ ಸ್ಥಾನ. ಆ ಖುಷಿಗೆ ಸಂಜೆ ಬರುವ ಹದಿನೈದು ಜನರಿಗೆ ತಾನೇ ಕ್ಯಾರಮೆಲ್ ಕಸ್ಟರ್ಡ್ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಪರೀಕ್ಷೆಯಲ್ಲಿ ಮಾಡಿದ್ದೂ ಅದನ್ನೇ. ಆಮೇಲೆ ಮೂರು ತಿಂಗಳು ಅದರ ತಂಟೆಗೇ ಹೋಗಿರಲಿಲ್ಲ.

ಕಾರಣ ಅವನು!

ಹೋಟೆಲಿನಲ್ಲಿ ಆರು ತಿಂಗಳು ಅವನ ಕೈಕೆಳಗೆ ತರಬೇತಿ ಪಡೆದಿದ್ದಳು. ಕ್ಯಾರಮೆಲ್‌ಗೆ ಯಾವಾಗಲೂ ಒಂದು ಚಿಟಿಕೆ ಉಪ್ಪು ಹಾಕುತ್ತಾಳೆಂದು 'ಚಿಟಿಕೆ' ಎಂದು ಹೆಸರಿಟ್ಟವನು ಅವನೇ. ಕೆಲಸ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯುತ್ತಿದ್ದವನೂ ಅವನೇ. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲ ಅಂದುಕೊಂಡಿದ್ದಳು, ದಡ್ಡಿ!

ಪರೀಕ್ಷೆಯ ದಿನ ಪರೀಕ್ಷಕರ ಸಾಲಿನಲ್ಲಿ ಅವನಿದ್ದ. ಅವಳು ತಟ್ಟೆ ಇಟ್ಟಳು. ಅವನು ಚಮಚ ಎತ್ತಿದ... ಅವಳ ಮುಖ ನೋಡಿದ... ಚಮಚ ಕೆಳಗಿಟ್ಟು ಎದ್ದು ಹೊರಗೆ ಹೋಗಿಬಿಟ್ಟ. ಇಡೀ ತರಗತಿಯ ಎದುರು! ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

"ಚಿಟಿಕೆ..."

ಅವಳು ತಿರುಗಲಿಲ್ಲ. ಕರಗುವ ಸಕ್ಕರೆಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಅದೂ ಒಳ್ಳೆಯದೇ ಆಯಿತು.

"ಊಟ ಏಳು ಗಂಟೆಗೆ. ಅಪ್ಪ ಹಾಲ್‌ನಲ್ಲಿದ್ದಾರೆ, ಅಲ್ಲಿ ಕೂತ್ಕೊಳ್ಳಿ."

"ನಿನ್ನ ಹತ್ರ ಮಾತಾಡೋಕೆ ಬಂದೆ."

"ಮೂರು ತಿಂಗಳು ಬಾಯಿಗೆ ಬೀಗ ಹಾಕಿದ್ರಾ?"

"ಹಾಕಿದ್ರು. ಫಲಿತಾಂಶ ಬರೋವರೆಗೆ ಪರೀಕ್ಷಕರು ಅಭ್ಯರ್ಥಿಗಳ ಜೊತೆ ಮಾತಾಡಬಾರದು. ಸಹಿ ಮಾಡಿ ಕೊಟ್ಟಿದ್ದೆ. ಇವತ್ತು ವೇದಿಕೆ ಮೇಲೆ ನಿನ್ನ ಹೆಸರು ಓದಿದ್ರಲ್ಲ, ಅಲ್ಲಿಗೆ ಮುಗೀತು."

"ನಿಯಮವಂತೆ! ಒಂದು ಚಮಚ ಬಾಯಿಗಿಡೋಕೂ ಅಡ್ಡ ಬಂತಾ ನಿಮ್ಮ ನಿಯಮ? ನಾಯಿ ಮುಂದೆ ಇಟ್ಟಿದ್ರೂ ಒಂದ್ಸಲ ಮೂಸಿ ನೋಡ್ತಿತ್ತು!"

ಅವನು ತಗ್ಗಿದ ದನಿಯಲ್ಲಿ ಹೇಳಿದ. "ಹೊರಗೆ ಹೋಗಿ ಚೀಟಿ ಬರೆದುಕೊಟ್ಟೆ. ಈ ಹುಡುಗಿಗೆ ನಾನು ಅಂಕ ಹಾಕೋಕಾಗಲ್ಲ, ಬೇರೆಯವರನ್ನ ಕೂರಿಸಿ ಅಂತ."

"ಯಾಕೆ? ಅಷ್ಟು ಕೆಟ್ಟದಾಗಿತ್ತಾ?"

"ಮುಖ್ಯ ಪರೀಕ್ಷಕರೂ ಯಾಕೆ ಅಂತಾನೇ ಕೇಳಿದ್ರು. 'ಇವಳು ಬರೀ ತಟ್ಟೆ ತಂದಿಟ್ಟರೂ ನೂರಕ್ಕೆ ನೂರು ಹಾಕ್ತೀನಿ ಸರ್, ಅವಳನ್ನ ಅಷ್ಟು ಪ್ರೀತಿಸ್ತೀನಿ' ಅಂದೆ. ಕನ್ನಡಕ ತೆಗೆದು ನನ್ನ ಮುಖ ನೋಡಿದ್ರು. 'ಹೋಗಪ್ಪಾ, ಹೊರಗೆ ಕೂತ್ಕೋ' ಅಂದ್ರು."

ಅವಳ ಮೈ ಜುಮ್ಮೆಂದಿತು. ಪ್ರೀತಿ! ಆ ಮಾತು ಕೇಳಲು ಎಷ್ಟು ದಿನ ಕಾದಿದ್ದಳು... ಮರುಕ್ಷಣವೇ ಇನ್ನೊಂದು ಭಯ ಹುಟ್ಟಿತು. 'ಹಾಗಾದರೆ ನನ್ನ ಮೊದಲ ಸ್ಥಾನ?'

ಗಿರ್ರನೆ ತಿರುಗಿದಳು.

"ನಿಜ ಹೇಳಿ. ನೀವು ಅವರಿಗೆ ಹೀಗೆ ಹೇಳಿದ್ದಕ್ಕೇ ನಂಗೆ ಅಂಕ ಬಂತಾ?"

"ಅವರು ಅಂಕ ಹಾಕೋದೇ ಇಲ್ಲ. ಹಾಕಿದ ಇಬ್ಬರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ನಾನು ಅಲ್ಲೇ ಕೂತಿದ್ದಿದ್ರೆ ಊರೆಲ್ಲ ಆಡಿಕೊಳ್ಳೋದು. ಊರು ಹಾಳಾಗಲಿ, ನಿಂಗೇ ಅನುಮಾನ ಬರ್ತಿತ್ತು. ಈಗ ಬರಲಿಲ್ವಾ? ಅದಕ್ಕೇ ಎದ್ದು ಹೋದೆ ಕಣೇ. ಆ ಮೊದಲ ಸ್ಥಾನ ನಿಂದು, ಪೂರ್ತಿ ನಿಂದೇ."

ಅವಳ ಕಣ್ಣು ತುಂಬಿ ಬಂತು. ಬೈಯಲೆಂದು ಮೂರು ತಿಂಗಳಿಂದ ಕೂಡಿಟ್ಟ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

"ಏನೋ ಸೀದು ಹೋಗ್ತಿದೆ!" ಹಾಲ್‌ನಿಂದ ಅತ್ತಿಗೆ ಕೂಗಿದಳು.

ಅಯ್ಯೋ! ಸಕ್ಕರೆ ಕಪ್ಪಾಗಿ ಅಡುಗೆಮನೆಯೆಲ್ಲ ಹೊಗೆ. ಅವಳು ಒಲೆ ಆರಿಸುವಷ್ಟರಲ್ಲಿ ಅವನು ಬಟ್ಟೆ ಹಿಡಿದು ಬಾಣಲೆ ಎತ್ತಿ ನಲ್ಲಿಯ ಕೆಳಗಿಟ್ಟ. ಅದು ಚುಂಯ್ ಎಂದಿತು.

ಅವಳು ಮೂಗೊರೆಸಿಕೊಂಡು ಇನ್ನೊಂದು ಬಾಣಲೆಗೆ ಹೊಸದಾಗಿ ಸಕ್ಕರೆ ಸುರಿದಳು.

"ಸಂಜೆ ಮೊದಲನೇ ಚಮಚ ನಿಮಗೇ. ಎಲ್ಲರ ಮುಂದೆ ತಿನ್ನಬೇಕು."

"ಚೆನ್ನಾಗಿಲ್ಲದಿದ್ರೆ?"

"ಚೆನ್ನಾಗಿಲ್ಲ ಅಂತಾನೇ ಹೇಳಿ. ಅಪ್ಪನ ಮುಂದೇನೇ ಹೇಳಿ." ಅವಳ ದನಿ ಒಡೆಯಿತು. "ಆದ್ರೆ ಎದ್ದು ಮಾತ್ರ ಹೋಗಬೇಡಿ... ನಂಗೆ ಇನ್ನೊಂದ್ಸಲ ಅದನ್ನ ತಡ್ಕೊಳ್ಳೋಕಾಗಲ್ಲ."

ಅವನು ಒದ್ದೆ ಕೈಯಲ್ಲೇ ಅವಳ ಕೈ ಹಿಡಿದುಕೊಂಡ.

"ಇನ್ಮೇಲೆ ನೀನೇ ಹೋಗು ಅಂದ್ರೂ ಹೋಗಲ್ಲ."

"ಅನ್ನಲ್ಲ ಬಿಡಿ," ಎಂದಳು ಅವಳು.