ಪಕ್ಕದ ಸೀಟಿನ ಕಿಂಡಿ

“ಛೀ! ಛೀ! ಅದನ್ನ ಬರೀ ಕೈಯಲ್ಲಿ ಹಿಡ್ಕೊಂಡಿದ್ದೀರಲ್ರೀ!”

ಅವಳು ಕಿರುಚಿದ ಸದ್ದಿಗೆ ಗ್ಯಾರೇಜಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಹಾರಿಹೋದವು. ಅವನು ಮಾತ್ರ ಅಲುಗಲಿಲ್ಲ. ಹಳೇ ಪಿಕಪ್ಪಿನ ಸೀಟಿನೊಳಗಿಂದ ಎಳೆದ ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿ, ಬೆಳಕಿಗೆ ತಿರುಗಿಸಿ ನೋಡುತ್ತಿದ್ದ.

“ಒಣಗಿ ಹೋಗಿದೆ ಮೇಡಂ. ಹೆದರ್ಬೇಡಿ.”

“ಹೆದರಿಕೆ ಅಲ್ಲ, ಅಸಹ್ಯ!”

“ಹಾಗಿದ್ರೆ ಸ್ವಲ್ಪ ಆ ಕಡೆ ತಿರುಗಿ. ಒಳಗೆ ಇದರ ಸಂಸಾರ ಪೂರ್ತಿ ಇದೆ.”

ಅವಳ ಹೊಟ್ಟೆಯೊಳಗಿದ್ದ ಬೆಳಗಿನ ಚಹಾ ಗಂಟಲ ತನಕ ಬಂದು ವಾಪಸಾಯಿತು. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಾಗಿಲಿನತ್ತ ಸರಿದಳು.

‘ಥೂ… ಇವನ ಉಗುರಿನ ಸಂದಿಯಲ್ಲಿ ಎಷ್ಟು ವರ್ಷದ ಗ್ರೀಸು ಕೂತಿದೆಯೋ! ಇದೇ ಕೈಯಲ್ಲಿ ಊಟ ಮಾಡ್ತಾನಾ?’

ಮಾಡುತ್ತಿದ್ದ. ಇಲಿಯನ್ನು ಬುಟ್ಟಿಗೆ ಎಸೆದವನೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬ್ರೆಡ್ಡು ಮುರಿದ. ಆ ಬೀದಿಯವರೆಲ್ಲ ಅವನನ್ನು ತುಕ್ಕು ಅಂತಲೇ ಕರೆಯುತ್ತಿದ್ದರು. ಹಳೇ ಗಾಡಿಗಳ ತುಕ್ಕು ಬಿಡಿಸಿ ಹೊಸದರಂತೆ ಮಾಡುವುದು ಅವನ ಕೆಲಸ. ಆ ಹೆಸರಿಗೆ ಅವನಿಗೆ ಬೇಸರವೂ ಇರಲಿಲ್ಲ.

ಇನ್ನು ನಮ್ಮ ಹುಡುಗಿಗೆ ಮನೆಯಲ್ಲಿಟ್ಟ ಹೆಸರು ಛೀರಾಣಿ. ಅಪ್ಪ ಇಟ್ಟದ್ದು. ಹಾಲಿನ ಕೆನೆಗೆ ಛೀ, ಒದ್ದೆ ಟವೆಲ್ಲಿಗೆ ಛೀ, ಬಾಚಣಿಗೆಯಲ್ಲಿ ಉಳಿದ ಕೂದಲಿಗೆ ಛೀ! ಎಲ್ಲಕ್ಕಿಂತ ದೊಡ್ಡ ಛೀ ಅಪ್ಪನ ಪಿಕಪ್ಪಿಗೆ. ಬದುಕಿದ್ದಷ್ಟು ಕಾಲ ಅಪ್ಪ ಅದರಲ್ಲಿ ಬಂದರಿನಿಂದ ಸಂತೆಗೆ ಮೀನು ಸಾಗಿಸುತ್ತಿದ್ದರು. ಬರುವ ದಾರಿಯಲ್ಲಿ ಮಗಳನ್ನು ಶಾಲೆಗೆ ಬಿಡುತ್ತಿದ್ದರು. ಅವಳು ಇಳಿಯುವ ಮೊದಲೇ ಗೆಳತಿಯರು ಮೂಗು ಮುಚ್ಚಿಕೊಂಡು ನಿಂತಿರುತ್ತಿದ್ದರು.

ಮೈಯನ್ನು ಉಜ್ಜಿ ಉಜ್ಜಿ ಬೆಳೆದ ಆ ಹುಡುಗಿ ಕೊನೆಗೆ ಸಾಬೂನನ್ನೇ ಕಸುಬು ಮಾಡಿಕೊಂಡಳು. ಈಗ ಅವಳದೇ ಅಂಗಡಿ ತೆರೆಯುವುದರಲ್ಲಿತ್ತು. ಅಪ್ಪ ತೀರಿಕೊಂಡು ಪಿಕಪ್ ಅವಳ ಪಾಲಿಗೆ ಬಂದಾಗ ಒಂದು ಆಸೆ ಹುಟ್ಟಿತು. ಅದು ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿಸಿ, ಹಿಂದೆ ಸಾಬೂನು ಜೋಡಿಸಿ ಅಂಗಡಿ ಮುಂದೆ ನಿಲ್ಲಿಸಬೇಕು. ಮೀನನ್ನೇ ಕಂಡಿರದಂಥ ಗಾಡಿಯಾಗಬೇಕು ಅದು!

“ಕಂಪನಿಯಿಂದ ಬರದೇ ಇದ್ದದ್ದು ಒಂದು ಬೋಲ್ಟೂ ಇರಬಾರ್ದು. ನಮ್ಮಪ್ಪ ಆಮೇಲೆ ಹಾಕಿಸಿದ್ದೆಲ್ಲ ಕಿತ್ತು ಬಿಸಾಕಿ.”

“ಹಿಂದಿನ ಹಲಗೆ? ಮೀನಿನ ನೀರು ಕುಡಿದಿದೆ ಮೇಡಂ. ಹೊಸದು ಹಾಕೋಣ.”

“ಅದು ಕಂಪನೀದಾ?”

“ಹೌದು.”

“ಹಾಗಾದ್ರೆ ಅದೇ ಇರ್ಲಿ. ತೊಳೀರಿ. ಒರಿಜಿನಲ್ ಅಂದ್ರೆ ಒರಿಜಿನಲ್!”

ಅವನು ತಲೆ ಕೆರೆದುಕೊಂಡ. ಆ ಕೈಯಲ್ಲೇ. ಅವಳು ಕಣ್ಣು ಮುಚ್ಚಿಕೊಂಡಳು.

ವಾರಕ್ಕೊಮ್ಮೆ ಕೆಲಸ ನೋಡಲು ಬರುವುದು ಅಂತ ತೀರ್ಮಾನವಾಯಿತು. ಬಂದಾಗಲೆಲ್ಲ ಒಂದೊಂದು ಹೊಸ ಹೇಸಿಗೆ ಕಾದಿರುತ್ತಿತ್ತು. ಒಂದು ದಿನ ಮೂಲೆಯ ಡ್ರಮ್ಮಿನಲ್ಲಿ ಕಪ್ಪಗೆ ಏನೋ ಗುಳುಗುಳು ಅನ್ನುತ್ತಿತ್ತು. ಮೇಲೆ ಬೂಷ್ಟು ಕಟ್ಟಿದ ನೊರೆ ಬೇರೆ.

“ಇದೇನ್ರೀ ಇದು… ಹೊಟ್ಟೆ ತೊಳೆಸುತ್ತೆ!”

“ಕಾಕಂಬಿ. ಸಕ್ಕರೆ ಮಾಡಿ ಉಳಿದ ಪಾಕ. ನೀರಲ್ಲಿ ಕಲಸಿ ಹುಳಿ ಬರಿಸಿದ್ರೆ ತುಕ್ಕು ತಾನಾಗೇ ಬಿಡುತ್ತೆ.” ಅವನು ಮೊಣಕೈ ತನಕ ಕೈಯನ್ನು ಅದರೊಳಗೆ ಮುಳುಗಿಸಿ ಬಾಗಿಲ ಹಿಡಿಯೊಂದನ್ನು ಎತ್ತಿದ. ಲೋಳೆಯನ್ನು ಹೆಬ್ಬೆರಳಿನಿಂದ ಸವರಿದಾಗ ಒಳಗಿನಿಂದ ಬೆಳ್ಳಗಿನ ಲೋಹ ಮಿಂಚಿತು. “ನೋಡಿ! ಕೈ ಕೆಸರಾದರೆ ಬಾಯಿ ಮೊಸರು.”

“ನಿಮ್ಮ ಕೈ ಕೆಸರು ನೋಡಿದೋರ ಬಾಯಿಗೆ ಮೊಸರೂ ಇಳಿಯಲ್ಲ!”

ಅವನು ಗಹಗಹಿಸಿ ನಕ್ಕ. ಅವಳು ಚೀಲದಿಂದ ತನ್ನದೇ ಒಂದು ನಿಂಬೆ ಸಾಬೂನು ತೆಗೆದು, ಅವನ ಬೆರಳು ತಾಗದಂತೆ ಬೆಂಚಿನ ಮೇಲೆ ಇಟ್ಟಳು. ಅವಮಾನ ಮಾಡಲೆಂದೇ ಇಟ್ಟದ್ದು.

ಮುಂದಿನ ವಾರ ಬಂದಾಗ ಆ ಸಾಬೂನು ಒದ್ದೆಯಾಗಿತ್ತು. ಅವನು ಕೈ ಒಡ್ಡಿ, “ಪರೀಕ್ಷೆ ಮಾಡಿ ಮೇಡಂ” ಅಂದ. ಉಗುರಿನ ಸಂದಿ ಇನ್ನೂ ಕಪ್ಪೇ. ಆದರೆ ನಿಂಬೆಯ ಪರಿಮಳ…

‘ಛೀ, ನನಗೇನಾಯ್ತು? ಯಾಕೆ ಇನ್ನೊಂದು ಸಲ ಉಸಿರು ಎಳ್ಕೊಂಡೆ?’

ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮರುದಿನವೇ, ಬಣ್ಣ ನೋಡಬೇಕು ಅನ್ನುವ ನೆವ ಹೂಡಿ ಮತ್ತೆ ಬಂದಳು. ಬಣ್ಣ ಇನ್ನೂ ಬಳಿದೇ ಇರಲಿಲ್ಲ!

“ಗೋಡೆ ಬಣ್ಣ ನೋಡೋಕೆ ಬಂದ್ರಾ?” ಅಂದ ತುಕ್ಕು.

“ಬಾಯಿ ಮುಚ್ಕೊಂಡು ಕೆಲಸ ಮಾಡಿ,” ಅಂದಳು. ಕೆನ್ನೆ ಬಿಸಿಯಾಗಿತ್ತು.

ವಾರಗಳು ಕಳೆದವು. ಅಪ್ಪ ಬಳಿಸಿದ್ದ ಹಸಿರು ಬಣ್ಣದ ಪದರ ಸುಲಿದು, ಕಾರ್ಖಾನೆಯ ತಿಳಿನೀಲಿ ಹೊರಗೆ ಬಂತು. ಅವಳು ಈಗ ಕರವಸ್ತ್ರ ತರುವುದನ್ನು ಮರೆಯತೊಡಗಿದ್ದಳು. ಬಂದಾಗಲೆಲ್ಲ ಪಕ್ಕದ ಸೀಟಿನಲ್ಲಿ, ಚಿಕ್ಕವಳಿದ್ದಾಗ ಕೂರುತ್ತಿದ್ದ ಕಡೆಯೇ ಕೂತು, ಅವನು ಕೆಲಸ ಮಾಡುವುದನ್ನು ನೋಡುತ್ತಿದ್ದಳು. ಅಲ್ಲಿ ಮೀನಿನ ವಾಸನೆಯ ಸುಳಿವೂ ಇರಲಿಲ್ಲ. ಡ್ರೈವರ್ ಸೀಟಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ.

ಅಂಗಡಿ ತೆರೆಯುವ ಹಿಂದಿನ ವಾರ. ಕೆಲಸ ಮುಗಿಯಿತು, ಬನ್ನಿ ಅಂತ ಅವನೇ ಫೋನು ಮಾಡಿದ್ದ. ಹೊಸ ಬಟ್ಟೆ ಹಾಕಿಕೊಂಡು ಬಂದಳು. ಮಧ್ಯಾಹ್ನದ ಬಿಸಿಲಿಗೆ ಗ್ಯಾರೇಜಿನ ತಗಡು ಕಾದಿತ್ತು. ನೀಲಿ ಪಿಕಪ್ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಆಸೆಯಿಂದ ಪಕ್ಕದ ಸೀಟಿನ ಬಾಗಿಲು ತೆರೆದಳು.

ಮೀನು!

ಹಸಿ, ಕೊಳೆತ, ಉಪ್ಪುಪ್ಪು ಮೀನಿನ ನಾತ ಮುಖಕ್ಕೆ ರಾಚಿತು. ಅವಳು ಹೊರಗೆ ಓಡಿ, ಗೋಡೆ ಹಿಡಿದು, ನಿಜವಾಗಿಯೂ ವಾಂತಿ ಮಾಡಿಕೊಂಡಳು. ಅವನು ನೀರಿನ ಚೊಂಬು ಹಿಡಿದು ಓಡಿ ಬಂದ.

“ಮುಟ್ಬೇಡಿ ನನ್ನ!” ಅವಳ ಕಣ್ಣಲ್ಲಿ ನೀರು. “ನಿನ್ನೆ ಗಾಡಿ ಹೊರಗೆ ಹೋಗಿತ್ತಲ್ವಾ? ಎದುರು ಅಂಗಡಿಯವರು ಹೇಳಿದ್ರು!”

“ಹೋಗಿತ್ತು. ಓಡಿಸಿ ನೋಡೋಕೆ…”

“ಓಡಿಸೋಕಾ, ಮೀನು ಹೊರೋಕಾ? ನನ್ನ ಗಾಡೀನ ಬಾಡಿಗೆಗೆ ಬಿಟ್ಟಿದ್ದೀರ!”

“ಮೇಡಂ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ. ಒಂದು ನಿಮಿಷ ಒಳಗೆ ಬನ್ನಿ, ತೋರಿಸ್ತೀನಿ…”

“ಏನು ತೋರಿಸ್ತೀರ? ನಿಮ್ಮ ಕೊಳಕು ಕೈಗೆ ಕೊಟ್ಟಿದ್ದೇ ನನ್ನ ತಪ್ಪು! ಕೈ ಅಲ್ಲ, ನೀವೇ ಕೊಳಕು! ನಾಳೆ ಗುಜರಿಯವರನ್ನ ಕರೆಸ್ತೀನಿ. ಒಡೆದು ತೂಕಕ್ಕೆ ಹಾಕ್ಲಿ. ಈ ನಾತ ನನ್ನ ಜನ್ಮಕ್ಕೆ ಸಾಕು!”

ಅವನ ಮುಖದ ನಗು ಮೊದಲ ಸಲ ಆರಿತು. ಚೊಂಬನ್ನು ನೆಲದ ಮೇಲಿಟ್ಟ.

“ಸರಿ. ಗುಜರಿಗೆ ಹಾಕೋದು ನಿಮ್ಮಿಷ್ಟ. ಅವರು ಬರೋ ಮುಂಚೆ ಒಮ್ಮೆ ಬನ್ನಿ. ನಿಮ್ಮ ವಸ್ತು ಒಂದು ನನ್ನ ಹತ್ರ ಇದೆ.”

ಅಂದು ಮನೆಯಲ್ಲಿ ಅವಳು ಮೈಗೆ ಎಷ್ಟು ಸಾಬೂನು ಹಚ್ಚಿದರೂ ನಾತ ಹೋಗಲಿಲ್ಲ. ಆದರೆ ಕಣ್ಣಿಗೆ ಕಟ್ಟಿದ್ದು ಮೀನಲ್ಲ, ಆರಿಹೋದ ಆ ನಗು.

‘ಕೊಳಕು ಅಂದುಬಿಟ್ಟೆನಲ್ಲ… ಅನ್ನಿಸ್ಕೊಳ್ಳಲಿ! ಮೋಸಗಾರ… ಆದ್ರೂ ಆ ಮಾತು ಬೇಡವಾಗಿತ್ತೇನೋ…’

ಮರುದಿನ ಗುಜರಿಯವರಿಗೆ ಮಧ್ಯಾಹ್ನ ಬರಲು ಹೇಳಿ, ತಾನು ಬೆಳಿಗ್ಗೆಯೇ ಗ್ಯಾರೇಜಿಗೆ ಹೋದಳು.

ತುಕ್ಕು ಕ್ಯಾಬಿನ್ನಿನ ಹಿಂಗೋಡೆಯನ್ನು ತೋರಿಸಿದ. ಎರಡು ಸೀಟಿನ ಹಿಂದೆಯೂ ಅಂಗೈಯಷ್ಟಗಲದ ಜಾಲರಿ ಕಿಂಡಿಗಳು. ಗಾಳಿಯಾಡಲಿ ಅಂತ ಕಾರ್ಖಾನೆಯೇ ಇಟ್ಟದ್ದು. ಅವುಗಳ ಆಚೆ ಮೀನು ಹೊರುತ್ತಿದ್ದ ಹಲಗೆ.

“ಮೊನ್ನೆ ಬಿಸಿನೀರು ಹಾಕಿ ಹಲಗೆ ಉಜ್ಜಿದೆ. ಒಳಗೆ ಕೂತಿದ್ದ ಹಳೇ ನಾತ ಎದ್ದು ಬಂತು. ಅದು ನನ್ನ ತಪ್ಪು. ಆದ್ರೆ ಈ ಕಡೆಗೆ ಬರ್ತಿರ್ಲಿಲ್ಲ. ಈ ಕಿಂಡಿ ಮುಚ್ಚಿತ್ತು.”

“ಮುಚ್ಚಿತ್ತಾ? ಮತ್ತೆ ತೆರೆದೋರು ಯಾರು?”

“ನೀವೇ. ಕಂಪನೀದಲ್ಲದ್ದು ಕಿತ್ತು ಬಿಸಾಕಿ ಅಂದ್ರಲ್ಲ. ಕೊನೆಗೆ ಉಳಿದಿದ್ದು ಅದೊಂದೇ. ಮೊನ್ನೆ ಕಿತ್ತೆ. ಬಿಸಾಕೋಕೆ ಮಾತ್ರ ಮನಸ್ಸು ಬರ್ಲಿಲ್ಲ.”

ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ! ಅವಳು ತುಟಿ ಕಚ್ಚಿಕೊಂಡಳು. ಅವನು ಬೆಂಚಿನ ಮೇಲಿದ್ದ ಬಟ್ಟೆಯನ್ನು ಸರಿಸಿದ.

ಒಂದು ತಗಡಿನ ಮುಚ್ಚಳ. ಕೈಯಲ್ಲೇ ಬಡಿದು ಮಾಡಿದ್ದು, ಅಂಚು ಸೊಟ್ಟ. ಅದರ ಒಳಮೈಗೆ ಗಾಳಿ ನುಸುಳದಂತೆ ದಪ್ಪ ರಬ್ಬರು ಹೊಲಿದು ಅಂಟಿಸಿತ್ತು. ಕೆಂಪು ರಬ್ಬರು. ಅದರ ಮೇಲೆ ಮಾಸಿದ ಬಿಳಿ ಹೂಗಳು.

ಅವಳು ಆ ಹೂಗಳ ಮೇಲೆ ಬೆರಳಾಡಿಸಿದಳು.

‘ನನ್ನ ಬೂಟು…!’

ಒಂದನೇ ತರಗತಿಯಲ್ಲಿ ಅವಳಿಗಿದ್ದ ಹೂವಿನ ಮಳೆ ಬೂಟು. ಆ ವರ್ಷವೇ ಅವಳು ಈ ಸೀಟಿನಲ್ಲಿ ವಾಂತಿ ಮಾಡಿಕೊಂಡು, “ಅಪ್ಪ, ನಿನ್ನ ಗಾಡಿ ಛೀ, ನೀನೂ ಛೀ!” ಅಂದಿದ್ದಳು. ಆಮೇಲೊಂದು ದಿನ ಬೂಟು ಕಾಣೆಯಾಗಿತ್ತು. ಕಾಲಿಗೆ ಬಿಗಿಯಾಗಿದ್ದರೂ ರಂಪ ಮಾಡಿ ಅತ್ತಿದ್ದಳು. ಅಂದಿನಿಂದ ಅಪ್ಪ ತಮ್ಮ ಕಡೆಯ ಕಿಟಕಿ ಇಳಿಸಿಯೇ ಓಡಿಸುತ್ತಿದ್ದದ್ದೂ, ಗಾಡಿಯ ನಾತ ಕಡಿಮೆಯಾದದ್ದೂ ನೆನಪಾಯಿತು. ತನಗೇ ಅಭ್ಯಾಸವಾಗಿರಬೇಕು ಅಂದುಕೊಂಡಿದ್ದಳು.

ಅಮ್ಮನಿಗೆ ಫೋನು ಹಚ್ಚಿದಳು.

“ಅಮ್ಮಾ… ನನ್ನ ಕೆಂಪು ಬೂಟು…”

“ಅಯ್ಯೋ, ಈಗ ಸಿಕ್ತಾ?” ಆ ಕಡೆ ಅಮ್ಮ ನಕ್ಕಳು. ಮತ್ತೆ ದನಿ ಇಳಿಯಿತು. “ನಿಮ್ಮಪ್ಪನೇ ಕತ್ತರಿಸಿದ್ರು ಕಣೇ. ಛೀರಾಣಿಗೆ ಹೇಳ್ಬೇಡ, ನನ್ನ ಜೊತೆ ಮಾತು ಬಿಡ್ತಾಳೆ ಅಂತ ಹೆದರಿದ್ರು.”

ಮಾತು ಬಿಟ್ಟಿದ್ದಳಲ್ಲ! ದೊಡ್ಡವಳಾದ ಮೇಲೆ ಈ ಗಾಡಿ ಹತ್ತುವುದನ್ನೇ ಬಿಟ್ಟಿದ್ದಳು. ಬೀದಿಯಲ್ಲಿ ಅಪ್ಪ ಹಾರ್ನ್ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ. ಫೋನಿಟ್ಟು ಅವಳು ತುಕ್ಕುವಿನತ್ತ ನೋಡಿದಳು.

“ಎರಡು ಕಿಂಡಿ ಇದೆಯಲ್ಲ… ಅಪ್ಪ ತಮ್ಮ ಸೀಟಿನ ಹಿಂದಿನದನ್ನೂ ಮುಚ್ಕೋಬಹುದಿತ್ತಲ್ವಾ?”

“ಆಗಲ್ಲ. ಎರಡೂ ಮುಚ್ಚಿದ್ರೆ ಮಳೆಗಾಲದಲ್ಲಿ ಗಾಜು ಮಬ್ಬಾಗಿ ದಾರಿ ಕಾಣಲ್ಲ. ಒಂದು ತೆರೆದಿರ್ಲೇಬೇಕು.” ಅವನು ಮೆಲ್ಲಗೆ ಹೇಳಿದ. “ಯಾವುದು ಅಂತ ಅವರು ಆರಿಸ್ಕೊಂಡ್ರು.”

ಅವಳು ಆ ಸೊಟ್ಟ ತಗಡನ್ನು ಎದೆಗೊತ್ತಿಕೊಂಡು ನೆಲದ ಮೇಲೇ ಕೂತು ಅತ್ತಳು. ಹೊಸ ಬಟ್ಟೆಗೆ ಎಣ್ಣೆ ಹತ್ತಿತು. ಮೂಗು ಸೋರಿತು. ಒರೆಸಿಕೊಳ್ಳಲು ಅವನು ಕೊಟ್ಟ ಚಿಂದಿಗೆ ಸೀಮೆಎಣ್ಣೆಯ ನಾತವಿತ್ತು. ಅದರಲ್ಲೇ ಮುಖ ಒರೆಸಿಕೊಂಡಳು.

“ನಿನ್ನೆ ನಿಮ್ಮನ್ನ… ಕೊಳಕು ಅಂದೆ.”

“ಅಂದ್ರಿ.”

“ತಪ್ಪಾಯ್ತು. ಹೇಸಿಗೆ ಇದ್ದದ್ದು ನನ್ನ ನಾಲಿಗೇಲಿ.”

“ಇಲಿ ಹಿಡ್ಕೊಂಡೋನನ್ನ ಕೊಳಕು ಅನ್ನದೆ ಇನ್ನೇನಂತಾರೆ ಬಿಡಿ,” ಅಂದ. ಆದರೆ ನಗು ಪೂರ್ತಿ ಬರಲಿಲ್ಲ. “ಬೇರೆ ಯಾರಾದ್ರೂ ಅಂದಿದ್ರೆ ನೋವಾಗ್ತಿರ್ಲಿಲ್ಲ. ಆ ಸಾಬೂನು ಇದೆಯಲ್ಲ ಮೇಡಂ, ನೀವು ಬರೋ ದಿನ ಮಾತ್ರ ಹಚ್ಕೊಳ್ತಿದ್ದೆ. ಬೇಗ ಖಾಲಿಯಾಗ್ಬಾರ್ದು ಅಂತ.”

ಅವಳು ಗುಜರಿಯವರಿಗೆ ಫೋನು ಮಾಡಿ, ಬರಬೇಡಿ ಅಂದಳು. ಆಮೇಲೆ ಆ ತಗಡನ್ನು ಅವನ ಕೈಗಿಟ್ಟಳು. ಈ ಸಲ ಬೆರಳು ತಾಗದಂತೆ ಹುಷಾರಾಗಲಿಲ್ಲ.

“ಇದನ್ನ ವಾಪಸ್ ಹಾಕಿ.”

“ಆಗ ಗಾಡಿ ಒರಿಜಿನಲ್ ಅಲ್ಲ.”

“ನನ್ನಪ್ಪನ ಗಾಡಿ ಇರೋದೇ ಹೀಗೆ. ಹಾಕಿ ಅಂದೆ!”

ಅವನು ಹಳೇ ತೂತುಗಳಿಗೇ ಸ್ಕ್ರೂ ತಿರುಗಿಸಿದ. ಅವಳು ದೀಪ ಹಿಡಿದು ನಿಂತಳು. ಕೆಲಸ ಮುಗಿದ ಮೇಲೆ ಕೀಲಿಕೈ ಕೇಳಿ ಇಸಿದುಕೊಂಡು, ಒಮ್ಮೆಯೂ ಕೂರದ ಡ್ರೈವರ್ ಸೀಟಿಗೆ ಹತ್ತಿದಳು. ಕಿಂಡಿಯಿಂದ ಮೀನಿನ ನಾತ ಕುತ್ತಿಗೆಗೇ ಬಡಿಯಿತು. ಆದರೂ ಅವಳು ಇಳಿಯಲಿಲ್ಲ.

“ಮೇಡಂ, ಆ ಕಡೆ ವಾಸನೆ ತಡೆಯೋಕಾಗಲ್ಲ ನಿಮಗೆ. ಓಡಿಸೋದು ನಾನು ಓಡಿಸ್ತೀನಿ, ನೀವು ಈ ಕಡೆ ಬನ್ನಿ.”

“ಬೇಡ.” ಅವಳು ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿದಳು. ಕಣ್ಣು ಒದ್ದೆ, ತುಟಿಯಲ್ಲಿ ನಗು. “ಈ ಸೀಟಿನಲ್ಲಿ ನನ್ನಪ್ಪ ಯಾರನ್ನ ಕೂರಿಸ್ತಿದ್ರು ಗೊತ್ತಲ್ಲ?”

ಅವನು ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

“ಕೈ… ತೊಳ್ಕೊಂಡು ಬರ್ಲಾ?”

“ಛೀ, ಹತ್ತ್ರೀ ಸುಮ್ನೆ!” ಅಂದಳು ಛೀರಾಣಿ. ಅವನು ಹತ್ತಿ ಕೂತ ಮೇಲೆ ಗ್ರೀಸು ತುಂಬಿದ ಆ ಕೈಯನ್ನು ತಾನೇ ಹಿಡಿದುಕೊಂಡು ಕೇಳಿದಳು, “ಅಲ್ಲಿ ವಾಸನೆ ಬರ್ತಿಲ್ಲ ತಾನೇ?”

“ಇಲ್ಲ. ಸ್ವಲ್ಪವೂ ಇಲ್ಲ.”

“ಹಾಗಾದ್ರೆ ಸರಿ,” ಅಂದಳು. ಅಪ್ಪ ಮಾಡುತ್ತಿದ್ದಂತೆ ತನ್ನ ಕಡೆಯ ಕಿಟಕಿ ಇಳಿಸಿ, ಗಾಡಿ ಹೊರಡಿಸಿದಳು.