ದಂಡಕೇಶನ ಕಬ್ಬಿಣದ ಬಾಚಣಿಗೆ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ, ಬಳ್ಳಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಒಂದು ಪದ್ಧತಿ. ಮಗು ಹುಟ್ಟಿದರೆ ಹೆಣ್ಣೋ ಗಂಡೋ ಎಂದು ಯಾರೂ ಮೊದಲು ಕೇಳುತ್ತಿರಲಿಲ್ಲ. ತಲೆಯ ಮೇಲೆ ಸುಳಿ ಎಲ್ಲಿದೆ, ಎಷ್ಟಿವೆ ಎಂದು ಕೇಳುತ್ತಿದ್ದರು. ಸುಳಿ ನಡುನೆತ್ತಿಯಲ್ಲಿದ್ದರೆ ಭಾಗ್ಯವಂತ. ಹಣೆಯ ಹತ್ತಿರವಿದ್ದರೆ ಹಟಮಾರಿ. ಎರಡು ಸುಳಿಯಿದ್ದರಂತೂ ಮುಗಿಯಿತು, ಇವನ ಕೈಯಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದು ಮೂಗು ಮುರಿಯುತ್ತಿದ್ದರು.

ಆ ರಾಜ್ಯದ ರಾಜ ಮಣಿಬಾಹುವಿಗೇ ಎರಡು ಸುಳಿ! ಪಾಪ, ನಾಚಿಕೆಯಿಂದ ಸ್ನಾನ ಮಾಡುವಾಗಲೂ ಅವನು ರುಮಾಲು ಬಿಚ್ಚುತ್ತಿರಲಿಲ್ಲ.

ಒಂದು ದಿನ ದಂಡಕೇಶನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನ ಕೂದಲು ಪೊರಕೆಕಡ್ಡಿಯಂತೆ ನೆಟ್ಟಗೆ ನಿಂತಿತ್ತು. ಕೈಯಲ್ಲಿ ಕಬ್ಬಿಣದ ಬಾಚಣಿಗೆಯಿತ್ತು.

"ಮಹಾರಾಜ, ನಿನ್ನ ಎರಡೂ ಸುಳಿ ಬಾಚಿ ತೆಗೆಯುತ್ತೇನೆ. ಬದಲಿಗೆ ಈ ರಾಜ್ಯದಲ್ಲಿ ಸುರುಳಿಯಾಗಿರುವುದೆಲ್ಲ ನನ್ನದು" ಎಂದ.

ರಾಜ ಹಿಂದೆ ಮುಂದೆ ನೋಡದೆ "ಆಗಲಿ" ಎಂದುಬಿಟ್ಟ. ತನ್ನ ತಲೆಯ ನಾಚಿಕೆಗೆ ಇಡೀ ರಾಜ್ಯವನ್ನೇ ಎತ್ತಿಕೊಟ್ಟ ಮಹಾನುಭಾವ! ರಾಜನ ಎರಡೂ ಸುಳಿ ಹೋದವು. ಬಾಚಣಿಗೆ ಒಮ್ಮೆ ಎಳೆದರೆ ಎಂಥ ಸುರುಳಿಯೂ ಮಾಯ. ಒಂದೊಂದು ಸುರುಳಿ ಮಾಯವಾದಾಗಲೂ ದಂಡಕೇಶನ ಆಯುಸ್ಸಿಗೆ ಒಂದು ದಿನ ಸೇರುತ್ತಿತ್ತು, ಕೊನೆಯ ಸುರುಳಿಯೂ ಹೋದರೆ ಅವನಿಗೆ ಸಾವೇ ಇರುತ್ತಿರಲಿಲ್ಲ.

ಮೊದಲು ಜನರ ಗುಂಗುರು ಕೂದಲು ಹೋಯಿತು. ಜನ ಸುಮ್ಮನಿದ್ದರು. ಆಮೇಲೆ ಕುಂಬಳ, ಹಾಗಲ, ಹೀರೆಬಳ್ಳಿಗಳ ಕುಡಿಗಳನ್ನು ಬಾಚಿದ. ಚಪ್ಪರವನ್ನು ಸುತ್ತಿ ಹಿಡಿಯಲು ಏನೂ ಇಲ್ಲದೆ ಬಳ್ಳಿಗಳು ದೊಪ್ಪನೆ ಬಿದ್ದು ಕೊಳೆತವು. ಜನ ಸುಮ್ಮನಿದ್ದರು. ಬಸವನ ಹುಳುವಿನ ಚಿಪ್ಪು ಕೊಳವೆಯಾಯಿತು, ನಾಯಿಯ ಬಾಲ ಕೋಲಾಯಿತು, ಹೊಳೆಯ ತಿರುವುಗಳನ್ನೂ ಬಾಚಿದ. ಹೊಳೆ ಹೊಲಗಳ ಕಡೆ ತಿರುಗಿಯೂ ನೋಡದೆ ಬಾಣದಂತೆ ಓಡಿಹೋಯಿತು. ಹಬ್ಬದ ಚಕ್ಕುಲಿಯನ್ನು ಹೆಂಗಸರು ಉದ್ದುದ್ದ ಕೋಲು ಮಾಡಿ ಕರಿದರು. "ರುಚಿ ಒಂದೇ ಅಲ್ಲವಾ, ನಮಗ್ಯಾಕೆ ಬೇಕು ಊರ ಉಸಾಬರಿ" ಎಂದು ಅದನ್ನೇ ಕಟಕಟ ಕಡಿದರು. ಥೂ! ಅಂಥ ಜನಕ್ಕೆ ಏನು ಹೇಳುವುದು?

ಒಬ್ಬಳಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅವಳು ಸೂಲಗಿತ್ತಿ ಹಾಲವ್ವ. ಆ ಊರಿನ ಅರ್ಧಕ್ಕರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. "ನಿಮ್ಮನ್ನೆಲ್ಲ ಹೊರಗೆ ಎಳೆದು ತಪ್ಪು ಮಾಡಿದೆ ಕಣ್ರೋ, ಒಳಗೇ ಬಿಡಬೇಕಿತ್ತು" ಎಂದು ಅವಳು ಬೀದಿಯಲ್ಲಿ ನಿಂತು ಬೈದಳು. ಜನ ಬಾಗಿಲು ಹಾಕಿಕೊಂಡರು.

ಆಗ ಯಾವನೋ ಚಾಡಿಕೋರ ಅರಮನೆಗೆ ಹೋಗಿ, "ಬಸುರಿಯರ ಹೊಟ್ಟೆಯಲ್ಲಿ ಕೂಸುಗಳು ಸುರುಳಿ ಸುತ್ತಿಕೊಂಡು ಮಲಗಿರುತ್ತವೆ" ಎಂದು ಹೇಳಿದ. ದಂಡಕೇಶ ಕುಂಬಾರಗೇರಿಯ ಏಳು ಬಸುರಿಯರ ಹೊಟ್ಟೆಯ ಮೇಲೆ ಬಾಚಣಿಗೆ ಎಳೆದ. ಏಳೂ ಕೂಸುಗಳು ಒನಕೆಯಂತೆ ಸೆಟೆದುಕೊಂಡವು. ಹಾಲವ್ವ ಕಿವಿಯಿಟ್ಟು ಕೇಳಿದಳು. ಜೀವವಿತ್ತು. ಆದರೆ ಹನ್ನೊಂದು ತಿಂಗಳು ತುಂಬಿದರೂ ಅವು ತಿರುಗಲಿಲ್ಲ, ಹೊರಗೆ ಬರಲಿಲ್ಲ.

ಹಾಲವ್ವನ ತಂಗಿ ಈರಕ್ಕನಿಗೆ ಆಗ ಎಂಟನೆಯ ತಿಂಗಳು. ಮದುವೆಯಾಗಿ ಒಂಬತ್ತು ವರ್ಷ, ಎರಡು ಸಲ ಬಸಿರು ಇಳಿದುಹೋಗಿತ್ತು. ಇದು ಮೂರನೆಯದು. ರಾಜಭಟ ಬಂದು, "ನಾಳೆ ಬೆಳಿಗ್ಗೆ ಬಾಚಣಿಗೆ ನಿಮ್ಮ ಮನೆಗೆ ಬರುತ್ತದೆ" ಎಂದು ಸಾರಿದ.

ಈರಕ್ಕ ಹೊಟ್ಟೆ ಹಿಡಿದುಕೊಂಡು, "ಅಕ್ಕಾ, ಇದೊಂದನ್ನಾದರೂ ಉಳಿಸಿಕೊಡೇ" ಎಂದು ಅತ್ತಳು.

"ಅಳಬೇಡ. ಅವನ ಬಾಯಿಗೆ ಮಣ್ಣು ಹಾಕಿಯೇ ಬರುತ್ತೇನೆ" ಎಂದು ಹಾಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ದಂಡಕೇಶನ ಗೋಪುರ ಬೆಟ್ಟದ ಮೇಲಿತ್ತು. ಬೆಟ್ಟದ ಬುಡದಲ್ಲಿ ಆನೆಯಷ್ಟು ದೊಡ್ಡ ಟಗರು ಕಾವಲಿತ್ತು. ಅದರ ಸುರುಳಿ ಕೊಂಬುಗಳೂ ಈಗ ಎರಡು ಈಟಿಗಳಾಗಿದ್ದವು. "ನಿಲ್ಲು! ತಿವಿದು ಹಾಕುತ್ತೇನೆ" ಎಂದು ಅದು ನುಗ್ಗಿತು. ಹಾಲವ್ವ ಹಲಸಿನ ಮರಕ್ಕೆ ಬೆನ್ನು ಕೊಟ್ಟು ನಿಂತು, "ಬಾರೋ ಬಾ, ನಿನ್ನಂಥ ಎಷ್ಟು ಜನರ ಸೊಕ್ಕು ನೋಡಿಲ್ಲ ನಾನು!" ಎಂದು ಕೂಗಿದಳು. ಟಗರು ಹತ್ತಿರ ಬಂದಾಗ ಸರಕ್ಕನೆ ಪಕ್ಕಕ್ಕೆ ಸರಿದಳು. ಸುರುಳಿ ಕೊಂಬಾಗಿದ್ದರೆ ಮರಕ್ಕೆ ಬಡಿದು ಹಿಂದೆ ಬರುತ್ತಿತ್ತು. ನೇರ ಕೊಂಬು ಮೊಳೆಯಂತೆ ಒಳಗಿಳಿದು ಅಲ್ಲೇ ಕಚ್ಚಿಕೊಂಡಿತು.

ಬೆಟ್ಟದ ನಡುವೆ ದಾರಿಗೆ ಅಡ್ಡಲಾಗಿ ಮಹಾಸರ್ಪವೊಂದು ಮರದ ದಿಮ್ಮಿಯಂತೆ ಬಿದ್ದಿತ್ತು. "ಮುಂದೆ ಬಂದರೆ ಕಚ್ಚುತ್ತೇನೆ" ಎಂದು ಬುಸುಗುಟ್ಟಿತು.

"ಹೇಗೆ ಕಚ್ಚುತ್ತೀಯ? ಸುರುಳಿ ಸುತ್ತದೆ ಯಾವ ಹಾವು ಮೇಲೆ ಎಗರುತ್ತದೆ?" ಎಂದು ಹಾಲವ್ವ ಕೇಳಿದಳು.

ಸರ್ಪದ ಕಣ್ಣಿನಲ್ಲಿ ನೀರು ಬಂತು. "ನಿಜ ತಾಯಿ. ಸುರುಳಿ ಸುತ್ತದೆ ನನಗೆ ನಿದ್ದೆಯೂ ಬರುವುದಿಲ್ಲ. ಒಂದು ವರ್ಷವಾಯಿತು" ಎಂದಿತು. ಹಾಲವ್ವ ಅದರ ತಲೆ ಸವರಿದಳು. ಅವಳ ಸಿಟ್ಟು ಇಮ್ಮಡಿಯಾಯಿತು. ಹಾವನ್ನು ದಾಟಿ ಮುಂದೆ ನಡೆದಳು.

ಕೊನೆಗೆ ಗೋಪುರ ಬಂತು. ಅದಕ್ಕೆ ಮೆಟ್ಟಿಲಿಲ್ಲ, ಬಾಗಿಲಿಲ್ಲ, ತುದಿಯಲ್ಲಿ ಒಂದೇ ಕಿಟಕಿ. ಬುಡದಲ್ಲಿ ರಾಜ್ಯದ ಜನರ ತಲೆಯಿಂದ ಬಾಚಿ ಉದುರಿದ ಕೂದಲು ರಾಶಿ ಬಿದ್ದಿತ್ತು. ಎಳೆದರೆ ಪಟ್ಟೆಂದು ಹರಿಯುವ ನೆಟ್ಟನೆಯ ಕೂದಲು. ಹಾಲವ್ವ ಕೂತಳು. ಹೊಕ್ಕುಳಬಳ್ಳಿ ಕಟ್ಟುವ ದಾರವನ್ನು ಅವಳು ಯಾವಾಗಲೂ ತೊಡೆಯ ಮೇಲೆ ತಾನೇ ಹೊಸೆಯುತ್ತಿದ್ದಳು. ಈಗ ಆ ಕೂದಲನ್ನೂ ಹಾಗೆಯೇ ಹೊಸೆದಳು. ಒಂದೊಂದು ಹೊಸೆತಕ್ಕೂ ದಂಡಕೇಶನಿಗೊಂದು ಬೈಗುಳ. ತೊಡೆ ಕೆಂಪಾಯಿತು, ಬೈಗುಳ ಮುಗಿಯಲಿಲ್ಲ. ಇಳಿಹೊತ್ತಿಗೆ ಆನೆ ಕಟ್ಟುವಂಥ ಹಗ್ಗವಾಯಿತು. ಕುಣಿಕೆ ಮಾಡಿ ಎಸೆದಳು, ಕಿಟಕಿಯ ಕೊಕ್ಕೆಗೆ ಸಿಕ್ಕಿಸಿ ಹತ್ತಿದಳು.

ದಂಡಕೇಶ ಒಳಗೆ ಬಾಚಣಿಗೆ ಒರೆಸುತ್ತ ಕೂತಿದ್ದ.

"ಕೊಡೋ ಅದನ್ನ ಇಲ್ಲಿ!" ಎಂದು ಹಾಲವ್ವ ಮೇಲೆ ಬಿದ್ದಳು.

ಅವನ ಕೂದಲು ಸರಳುಗಳಂತೆ ಚಾಚಿ ಅವಳನ್ನು ಗೋಡೆಗೆ ಒತ್ತಿ ಹಿಡಿದವು. ದಂಡಕೇಶ ನಕ್ಕ. "ಸೂಲಗಿತ್ತಿ, ಈ ರಾಜ್ಯದಲ್ಲಿ ಉಳಿದಿರುವುದು ನಿನ್ನ ತಂಗಿಯ ಹೊಟ್ಟೆಯ ಸುರುಳಿ ಒಂದೇ. ನಾಳೆ ಅದನ್ನೂ ಬಾಚಿದರೆ ಮುಗಿಯಿತು, ನನಗೆ ಸಾವೇ ಇಲ್ಲ" ಎಂದು ಬಾಚಣಿಗೆಯನ್ನು ಅವಳ ಮುಖದ ಮುಂದೆ ಆಡಿಸಿದ.

ಮುಖದ ಮುಂದೆ ಅವನ ಕೈಯೂ ಇತ್ತು. ಹುಟ್ಟಿದ ಕೂಸುಗಳ ಕೈಯನ್ನು ಸಾವಿರ ಸಲ ಬಿಡಿಸಿ ನೋಡಿದವಳು ಹಾಲವ್ವ. ಆ ಕೈಯನ್ನೂ ನೋಡಿದಳು.

"ಒಂದೇ ಅಂತೆ ಒಂದೇ! ಕಣ್ಣೇನು ನೆತ್ತಿಗೆ ಹತ್ತಿದೆಯಾ? ನಿನ್ನ ಬೆರಳ ತುದಿ ನೋಡಿಕೊಳ್ಳೋ ಮುಠ್ಠಾಳ. ಹತ್ತು ಬೆರಳಿಗೆ ಹತ್ತು ಸುಳಿ! ಊರಿನ ಅಷ್ಟೂ ಜನರ ಕೈಯಲ್ಲೂ ಇವೆ. ಊರೆಲ್ಲ ಬಾಚಿದೆಯಂತೆ, ನಿನ್ನದೇ ಬಾಚಿಕೊಂಡಿಲ್ಲ!" ಎಂದಳು.

ದಂಡಕೇಶನ ಮುಖ ಕಪ್ಪಿಟ್ಟಿತು. ಅವಳನ್ನು ಬಿಟ್ಟು ಕಿಟಕಿಯ ಬೆಳಕಿಗೆ ಓಡಿ ಬೆರಳು ಹಿಡಿದು ನೋಡಿದ. ಹೌದು, ಚಿಕ್ಕ ಚಿಕ್ಕ ಚಕ್ರಗಳು. "ಮೊದಲು ಇವು, ಆಮೇಲೆ ಊರಿನವರದು!" ಎಂದು ಹಲ್ಲು ಕಡಿದು, ಬಲಗೈಯಲ್ಲಿ ಬಾಚಣಿಗೆ ಹಿಡಿದು ಎಡಗೈಯ ಐದೂ ಬೆರಳನ್ನು ಪರಪರ ಬಾಚಿದ. ತುದಿಗಳು ಗಾಜಿನಂತೆ ನುಣ್ಣಗಾದವು. ಬಲಗೈಯನ್ನು ಬಾಚಲು ಬಾಚಣಿಗೆಯನ್ನು ಎಡಗೈಗೆ ತೆಗೆದುಕೊಂಡ.

ಅದು ಜಾರಿತು. ಹಿಡಿಯಹೋದ, ಮತ್ತೆ ಜಾರಿತು. ಕಿಟಕಿಯಿಂದ ಆಚೆ ಬಿದ್ದು, ಕೆಳಗಿನ ಬಂಡೆಗೆ ಬಡಿದು, ಹಲ್ಲು ಹಲ್ಲಾಗಿ ಚೂರಾಯಿತು.

"ಮೈಯೆಲ್ಲ ಲೋಳೆಯಾಗಿರುವ ಎಳೆಕೂಸು ನನ್ನ ಕೈಯಿಂದ ಜಾರದಂತೆ ಇಷ್ಟು ದಿನ ಹಿಡಿದದ್ದು ಆ ಸುಳಿಗಳೇ ಕಣೋ ಪಾಪಿ!" ಎಂದು ಹಾಲವ್ವ ಕಿರುಚಿದಳು.

ದಂಡಕೇಶನಿಗೆ ಕೇಳಿಸಿತೋ ಇಲ್ಲವೋ. ಕದ್ದ ದಿನಗಳೆಲ್ಲ ಅವನನ್ನು ಬಿಟ್ಟು ಹೊರಟಿದ್ದವು. ಬೆನ್ನು ಬಾಗಿತು, ಮಂಡಿ ಗದ್ದಕ್ಕೆ ತಗುಲಿತು. ಮುಟ್ಟಿದೊಡನೆ ಮುದುಡುವ ಸಾವಿರ ಕಾಲಿನ ಚೋರಟೆ ಹುಳದಂತೆ ಸುತ್ತಿಕೊಂಡು ಬೂದಿಯಾದ.

ಹಾಲವ್ವ ಕೆಳಗಿಳಿದು ಬರುವಾಗ ಸರ್ಪ ಸುರುಳಿ ಸುತ್ತಿಕೊಂಡು ಗೊರಕೆ ಹೊಡೆಯುತ್ತಿತ್ತು. ಹೊಳೆ ಹೊಲಗಳ ಕಡೆ ತಿರುಗಿತ್ತು. ಊರ ಜನ ಹೂವಿನ ಹಾರ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಹಾರ ನಿಮ್ಮ ಎಮ್ಮೆಗೆ ಹಾಕಿ! ನಿನ್ನೆ ಎಲ್ಲಿ ಹೋಗಿದ್ದಿರಿ?" ಎಂದು ಬೈದು, ಅವಳು ನೆಟ್ಟಗೆ ಕುಂಬಾರಗೇರಿಗೆ ನಡೆದಳು. ಮೂರು ದಿನದಲ್ಲಿ ಏಳು ಹೆರಿಗೆ ಮಾಡಿಸಿದಳು, ಏಳೂ ಸುಖವಾಗಿ ಆದವು.

ತಿಂಗಳು ತುಂಬಿದ ಮೇಲೆ ಈರಕ್ಕ ಹೆತ್ತಳು. ಕೂಸು ಬೀದಿಗೆಲ್ಲ ಕೇಳುವಂತೆ ಅತ್ತಿತು. ಈರಕ್ಕ ಅದನ್ನು ಎದೆಗೆ ಒತ್ತಿಕೊಂಡು ಅತ್ತಳು, ಹಾಲವ್ವನೂ ಅತ್ತಳು. ಹನ್ನೊಂದನೆಯ ದಿನ ರಾಜ ಮಣಿಬಾಹು ತಾನೇ ಬೆಳ್ಳಿಯ ತೊಟ್ಟಿಲು ಹೊರಿಸಿಕೊಂಡು ಬಂದ. ಎಲ್ಲರ ಮುಂದೆ, ಎರಡು ಸುಳಿ ಮತ್ತೆ ಮೂಡಿದ್ದ ತಲೆಯನ್ನು ಬಾಗಿಸಿ, ಕೈಮುಗಿದು ತಪ್ಪಾಯಿತೆಂದ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ಅದು ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಮುದುಡಿತು.

"ಅಯ್ಯೋ, ಹೀಗೆ ಮಲಗಿದೆಯಲ್ಲ" ಎಂದು ರಾಜ ಕೈ ಚಾಚಿ ಅದರ ಕಾಲನ್ನು ಮೆಲ್ಲಗೆ ನೇರ ಮಾಡಹೋದ.

ಹಾಲವ್ವ ಅವನ ಕೈಗೆ ಫಟ್ಟನೆ ಬಾರಿಸಿದಳು. "ಮುಟ್ಟಬೇಡ! ಅದಕ್ಕೆ ಬೇಕಾದಾಗ ಅದೇ ಕಾಲು ಚಾಚುತ್ತದೆ" ಎಂದಳು.

ರಾಜ ಕೈ ಹಿಂದಕ್ಕೆ ತೆಗೆದುಕೊಂಡ. ಕೂಸು ಮುದುಡಿಕೊಂಡೇ ನಿದ್ದೆಹೋಯಿತು. ಅಂದಿನಿಂದ ಬಳ್ಳಿಕೋಟೆಯಲ್ಲಿ ಎಲ್ಲರೂ ಅವರವರಿಗೆ ಹಿತವಾದಂತೆ ಮಲಗಿ ಸುಖವಾಗಿದ್ದರು.